ಬಿದ್ರಿ ಫೋಟೊ ಪ್ರಿಂಟ್‌ನಲ್ಲಿ ಕಪ್ಪಾಗಿ ಬರ್ತದ, ಯಾವ ಮಾನಿಟರ್ ತಗೊಳ್ಳಲಿ?

ಹೊಸ ಮಾನಿಟರ್ ಬೇಡ್ರಿ, ರೊಕ್ಕ ಉಳಿಸಿ. ಬಿದ್ರಿ ಅಂದರೆ ಕಪ್ಪು ಲೋಹದಲ್ಲಿ ಬೆಳ್ಳಿ ಎಳೆ ಕೂರಿಸಿದ ಕೆಲಸ; ಸ್ಕ್ರೀನ್‌ನಲ್ಲಿ ಹೂಜಿಯ ಆ ಎಳೆ ಒಂದೊಂದೂ ಕಾಣುತ್ತದೆ, ಪ್ರೆಸ್‌ನಿಂದ ಬಂದರೆ ಬರೀ ಕರಿ ಮುದ್ದೆ ಅಂತ ಬರೆದಿದ್ದೀರಿ. ಬೀದರ್‌ನಲ್ಲಿ ಇದೇ ಫೋಟೊ ಕೆಲಸ ಮಾಡುವ ನನ್ನ ಒಂದು ಪೂರ್ತಿ ಕ್ಯಾಟಲಾಗ್ ಹೀಗೇ ಹೋಗಿದೆ. ಅದಕ್ಕೆ ಮುಖ್ಯ ಕಾರಣ ಮಾನಿಟರಿನ ಬ್ರೈಟ್‌ನೆಸ್.

ಡಬ್ಬಿಯಿಂದ ತೆಗೆದ ಮಾನಿಟರ್ ಸಾಮಾನ್ಯವಾಗಿ 250ರಿಂದ 300 ನಿಟ್ಸ್‌ನಲ್ಲಿ (ಪರದೆಯ ಬೆಳಕಿನ ಅಳತೆ) ಉರಿಯುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ, ಕೋಣೆಯ ಬೆಳಕಿನಲ್ಲೇ ಕಾಣಬೇಕು. ಅಷ್ಟು ಪ್ರಖರ ಪರದೆಯಲ್ಲಿ ನೆರಳಿನೊಳಗಿನ ಗೆರೆಯೂ ಕಣ್ಣಿಗೆ ಬೀಳುತ್ತದೆ, ಚಿತ್ರ ಬೆಳ್ಳಗಾಯಿತೆಂದು ನೀವು ಎಕ್ಸ್‌ಪೋಷರ್ ಇಳಿಸುತ್ತೀರಿ. ಅದರ ಮೇಲೆ ಮಷಿನ್‌ನಲ್ಲಿ ಇಂಕಿನ ಚುಕ್ಕೆ ಕಾಗದದಲ್ಲಿ ಹರಡಿ ಮತ್ತಷ್ಟು ಗಾಢವಾಗುತ್ತದೆ. ಸತು-ತಾಮ್ರದ ಮೈಗೆ ಕೋಟೆ ಮಣ್ಣು, ನವಸಾಗರ ಹಚ್ಚಿ ಕಪ್ಪು ಮಾಡಿದ ವಸ್ತು ಇದು, ಚಿತ್ರದ ಬಹುಭಾಗ ನೆರಳೇ. ಮದುವೆ ಫೋಟೊದಲ್ಲಿ ಮುಚ್ಚಿಹೋಗುವ ತಪ್ಪು ಬಿದ್ರಿಯಲ್ಲಿ ಮುಚ್ಚಿಹೋಗದು.

ಬ್ರೈಟ್‌ನೆಸ್ 100 ನಿಟ್ಸ್‌ಗೆ ತನ್ನಿ. ಅಳೆಯಲು ನಿಮ್ಮ ಕ್ಯಾಮೆರಾನೇ ಸಾಕು. ಪರದೆ ತುಂಬ ಬಿಳಿ ಪುಟ ತೆರೆದು, ಮ್ಯಾನುಯಲ್ ಮೋಡ್‌ನಲ್ಲಿ ಐಎಸ್‌ಒ 100, ಅಪರ್ಚರ್ ಎಫ್/4, ಶಟರ್ 1/50 ಇಡಿ. ಫ್ರೇಮ್ ತುಂಬ ಬಿಳಿಯೇ ಇರಲಿ. ಮೀಟರ್ ಸೊನ್ನೆಗೆ ಬರುವವರೆಗೆ ಮಾನಿಟರಿನ ಬ್ರೈಟ್‌ನೆಸ್ ಇಳಿಸಿ. ಹೆಚ್ಚುಕಡಿಮೆ 100 ನಿಟ್ಸ್ ಅಲ್ಲಿಗೆ ಬರುತ್ತದೆ. ಮೊದಲೆರಡು ದಿನ ಮಂಕೆನಿಸಿದರೂ ಏರಿಸಬೇಡಿ. ಮಧ್ಯಾಹ್ನದ ಬಿಸಿಲು ಪರದೆಗೆ ಬೀಳುತ್ತಿದ್ದರೆ ಪರದೆಯ ಜಾಗ ಬದಲಿಸಿ, ಬ್ರೈಟ್‌ನೆಸ್ ಮುಟ್ಟಬೇಡಿ.

ಬಣ್ಣಕ್ಕೆ ಮಾತ್ರ ಕಲರಿಮೀಟರ್, ಅಂದರೆ ಪರದೆಯ ಬಣ್ಣ ಅಳೆಯುವ ಸಾಧನ, ಬೇಕೇ ಬೇಕು, ಕಣ್ಣಳತೆ ನಡೆಯದು. ಸ್ಪೈಡರ್ ಅಥವಾ ಕ್ಯಾಲಿಬ್ರೈಟ್ ಯಾವುದಾದರೂ ಸರಿ. ಇಬ್ಬರು ಮೂವರು ಸ್ಟುಡಿಯೋದವರು ಕೂಡಿ ಒಂದನ್ನು ತಗೊಂಡರೂ ಆಗುತ್ತದೆ. ಅದರ ಜೊತೆ ಬಳಸುವ ಡಿಸ್‌ಪ್ಲೇಕ್ಯಾಲ್ ಸಾಫ್ಟ್‌ವೇರ್ ಪುಕ್ಕಟೆ. ಅಳೆಯುವ ಮುಂಚೆ ಮಾನಿಟರ್ ಅರ್ಧ ತಾಸು ಚಾಲೂ ಇರಲಿ. ಇಕೋ ಮೋಡ್, ಡೈನಾಮಿಕ್ ಕಾಂಟ್ರಾಸ್ಟ್, ವಿಂಡೋಸ್‌ನ ನೈಟ್ ಲೈಟ್ ಎಲ್ಲ ಬಂದ್ ಮಾಡಿ. ನೈಟ್ ಲೈಟ್ ಉಳಿದರೆ ಬಿಳಿಯೇ ಹಳದಿಗೆ ತಿರುಗಿ ಅಳತೆ ಸುಳ್ಳಾಗುತ್ತದೆ. ಗುರಿ: ಬಿಳಿಯ ಛಾಯೆ 6500 ಕೆಲ್ವಿನ್, ನಡುಛಾಯೆಗಳ ಹೊಳಪು ಹೇಳುವ ಗಾಮಾ 2.2. ಸಾಫ್ಟ್‌ವೇರ್ ತೋರಿಸುವ ಕೆಂಪು, ಹಸಿರು, ನೀಲಿಯ ಪಟ್ಟಿಗಳು ಸಮ ಆಗುವವರೆಗೆ ಮಾನಿಟರಿನ ಬಟನ್‌ನಿಂದಲೇ ಇಳಿಸಿ ಸರಿಮಾಡಿ. ಎಲ್ಲವನ್ನೂ ಗ್ರಾಫಿಕ್ಸ್ ಕಾರ್ಡ್‌ಗೆ ಬಿಟ್ಟರೆ ನುಣುಪಾದ ಹಿನ್ನೆಲೆಯಲ್ಲಿ ಪಟ್ಟೆ ಬೀಳುತ್ತದೆ. ಕಲರಿಮೀಟರ್ ಪರದೆಯ ಗಾಜಿಗೆ ಚಪ್ಪಟೆಯಾಗಿ ಕೂರಲಿ, ಅಂಚಿನಿಂದ ಬೆಳಕು ನುಸುಳಬಾರದು.

ಇನ್ನೊಂದು ಮಾತು: ಅಳತೆಯಿಂದ ಸಿಕ್ಕ ಪ್ರೊಫೈಲ್ (ಮಾನಿಟರಿನ ಬಣ್ಣದ ವಿವರದ ಫೈಲ್) ವಿಂಡೋಸ್‌ಗೆ ಮಾತ್ರ. ಫೋಟೊಶಾಪ್‌ನ ವರ್ಕಿಂಗ್ ಸ್ಪೇಸ್ (ಅದು ಕೆಲಸ ಮಾಡುವ ಬಣ್ಣದ ವ್ಯಾಪ್ತಿ) ಎಸ್‌ಆರ್‌ಜಿಬಿ ಇರಲಿ, ಅಲ್ಲಿ ಮಾನಿಟರ್ ಪ್ರೊಫೈಲ್ ಹಾಕಬೇಡಿ. ಪ್ರೆಸ್‌ನವರ ಕಡೆ ಅವರ ಕಾಗದದ ಸಿಎಂವೈಕೆ (ಪ್ರಿಂಟಿನ ನಾಲ್ಕು ಇಂಕು) ಪ್ರೊಫೈಲ್ ಕೇಳಿ, ಸಾಫ್ಟ್ ಪ್ರೂಫ್‌ನಲ್ಲಿ, ಅಂದರೆ ಪ್ರಿಂಟ್ ಹೇಗೆ ಬರುತ್ತದೆಂದು ಪರದೆಯಲ್ಲೇ ತೋರಿಸುವ ನೋಟದಲ್ಲಿ, ನೋಡುತ್ತಾ ಹೂಜಿಯ ಮೈಯ ನೆರಳನ್ನು ಎತ್ತಿ, ಪೂರ್ತಿ ಕ್ಯಾಟಲಾಗ್‌ಗೆ ಮುಂಚೆ ಒಂದೇ ಪುಟ ತೆಗೆಸಿ.