ಕೈಯಲ್ಲಿ ಹೆಣೆದ ಸಾಕ್ಸ್ ಶೂ ಒಳಗೆ ಜಾರುವುದೇಕೆ, ಹಿಮ್ಮಡಿ ಪಕ್ಕ ತೂತು ಬೀಳುವುದೇಕೆ?

ನೀವು ಕೊಟ್ಟ ಲೆಕ್ಕದಲ್ಲೇ ಅರ್ಧ ಉತ್ತರವಿದೆ. ಪಾದದ ಸುತ್ತಳತೆ 22 ಸೆಂ.ಮೀ., ಟೋಪಿ ಹೆಣೆದು ಉಳಿದ ಅಕ್ರಿಲಿಕ್ ಉಲ್ಲನ್, 4 ಮಿ.ಮೀ. ಕಡ್ಡಿ, 48 ಸ್ಟಿಚ್ (ಕಡ್ಡಿಯ ಮೇಲಿನ ಕುಣಿಕೆ), 10 ಸೆಂ.ಮೀ.ಗೆ 20 ಸ್ಟಿಚ್ ಬರುತ್ತದೆ ಅಂತ ಬರೆದಿದ್ದೀರಿ. ಹಾಗಾದರೆ 48 ಸ್ಟಿಚ್‌ಗೆ 24 ಸೆಂ.ಮೀ. ಆಯಿತು. ಸಾಕ್ಸ್ ಕಾಲಿಗಿಂತ 2 ಸೆಂ.ಮೀ. ದೊಡ್ಡದು! ಶೂ ಒಳಗೆ ಜಾರಿ ಮಡಿಕೆ ಬೀಳುತ್ತಿರುವುದು ಅದಕ್ಕೇ. ಮಡಿಕೆ ಬಿದ್ದಲ್ಲಿ ಉಜ್ಜಿ ಉಜ್ಜಿ ಎರಡೇ ತಿಂಗಳಲ್ಲಿ ಹಿಮ್ಮಡಿ ಸವೆದಿದೆ.

ಸ್ವೆಟರ್ ಮೈಗಿಂತ ಸಡಿಲ ಇರಬೇಕು, ಸಾಕ್ಸ್ ಕಾಲಿಗಿಂತ ಚಿಕ್ಕದಿರಬೇಕು. ಸುತ್ತಳತೆಯಲ್ಲಿ ಶೇ. 10ರಷ್ಟು ಕಡಿಮೆ ಮಾಡಿ. ನಿಮ್ಮ 22ಕ್ಕೆ ಸುಮಾರು 20 ಸೆಂ.ಮೀ. ಸಾಕು. ತೆಳ್ಳನೆಯ ಸಾಕ್ಸ್ ದಾರವನ್ನು 2.25 ಅಥವಾ 2.5 ಮಿ.ಮೀ. ಕಡ್ಡಿಯಲ್ಲಿ ಹೆಣೆದರೆ 10 ಸೆಂ.ಮೀ.ಗೆ 32 ಸ್ಟಿಚ್ ಸಿಗುತ್ತದೆ, ಅಂದರೆ ಒಟ್ಟು 64. ಇಷ್ಟು ಸಣ್ಣ ಕಡ್ಡಿ ಬೇಸರ ತರಿಸುತ್ತದೆ ನಿಜ, ಆದರೆ ಹೆಣಿಗೆ ಬಿಗಿಯಾಗಿಲ್ಲದಿದ್ದರೆ ಯಾವ ದಾರವೂ ಬಾಳುವುದಿಲ್ಲ. ಉದ್ದದಲ್ಲೂ ಒಂದು ಸೆಂ.ಮೀ. ಕಡಿಮೆ ಇರಲಿ.

ದಾರ: 75% ಉಣ್ಣೆ, 25% ನೈಲಾನ್ ಇರುವ ಸಾಕ್ಸ್ ದಾರ ತೆಗೆದುಕೊಳ್ಳಿ. 100 ಗ್ರಾಂ ಉಂಡೆಯಲ್ಲಿ ಸುಮಾರು 400 ಮೀಟರ್ ಇರುತ್ತದೆ, ದೊಡ್ಡವರ ಒಂದು ಜೊತೆಗೆ ಸಾಕಾಗುತ್ತದೆ. ನಮ್ಮ ಕಡೆ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಅಕ್ರಿಲಿಕ್ ಬೆವರು ಹೀರುವುದಿಲ್ಲ, ಕಾಲು ಚಿಪಿಚಿಪಿ ಆಗುತ್ತದೆ. ಬರೀ ಹತ್ತಿ ಹಿಗ್ಗಿದ ಮೇಲೆ ಮತ್ತೆ ಕುಗ್ಗುವುದಿಲ್ಲ. ನಮ್ಮ ದಖನಿ ಕುರಿಯ ಉಣ್ಣೆಯನ್ನೇ ಬಳಸೋಣ ಎಂಬ ಆಸೆ ಹೆಣಿಗೆಯವರಿಗೆಲ್ಲ ಒಮ್ಮೆ ಬರುತ್ತದೆ. ಕಂಬಳಿಗೆ ಅದು ಚಿನ್ನ, ಪಾದಕ್ಕೆ ತುಂಬ ಒರಟು.

ಶುರುವಿನ ಸಾಲನ್ನು ಎರಡು ಕಡ್ಡಿ ಜೋಡಿಸಿ ಹಿಡಿದು ಹಾಕಿ. ಆ ಅಂಚು ಹಿಗ್ಗದಿದ್ದರೆ ಸಾಕ್ಸ್ ಹಿಮ್ಮಡಿ ದಾಟುವುದೇ ಇಲ್ಲ. ಸುತ್ತಾಗಿ ಹೆಣೆಯುತ್ತ ಎರಡು ನಿಟ್ (ಸೀದಾ ಹೆಣಿಗೆ), ಎರಡು ಪರ್ಲ್ (ಉಲ್ಟಾ ಹೆಣಿಗೆ) ಬರುವ ರಿಬ್, ಅಂದರೆ ಹಿಗ್ಗುವ ಪಟ್ಟಿ, ಒಂದು 4 ಸೆಂ.ಮೀ., ಆಮೇಲೆ ಬೇಕಾದಷ್ಟು ಉದ್ದಕ್ಕೆ ಬರೀ ನಿಟ್.

ಈಗ ಹಿಮ್ಮಡಿ. 64ರಲ್ಲಿ 32 ಸ್ಟಿಚ್ ಮೇಲುಪಾದಕ್ಕೆ ಬಿಟ್ಟು, ಉಳಿದ 32ರ ಮೇಲೆ ಹಿಂದೆ ಮುಂದೆ 32 ಸಾಲು ಹೆಣೆಯಿರಿ. ನೇರ ಬದಿಯಲ್ಲಿ ಒಂದು ಸ್ಟಿಚ್ ಹೆಣೆಯದೆ ಜಾರಿಸಿ, ಒಂದು ನಿಟ್, ಹೀಗೇ ಕೊನೆವರೆಗೆ. ಹಿಂಬದಿಯಲ್ಲಿ ಮೊದಲನೆಯದನ್ನು ಜಾರಿಸಿ, ಉಳಿದದ್ದೆಲ್ಲ ಪರ್ಲ್. ಜಾರಿಸಿದ ಸ್ಟಿಚ್ ಹಿಂದೆ ದಾರ ಹಾದುಹೋಗುವುದರಿಂದ ಬಟ್ಟೆ ದಪ್ಪವಾಗುತ್ತದೆ, ಬೇಗ ಸವೆಯುವುದಿಲ್ಲ.

ಹಿಮ್ಮಡಿ ಗುಂಡಗಾಗುವ ತಿರುವಿಗೆ 18 ನಿಟ್, ಎರಡನ್ನು ಸೇರಿಸಿ ಒಂದು, ಮತ್ತೆ 1 ನಿಟ್, ಅಲ್ಲಿಂದಲೇ ತಿರುಗಿಸಿ. ಒಂದು ಜಾರಿಸಿ, 5 ಪರ್ಲ್, ಎರಡು ಸೇರಿಸಿ ಪರ್ಲ್, 1 ಪರ್ಲ್, ಮತ್ತೆ ತಿರುಗಿಸಿ. ಆಮೇಲೆ ಪ್ರತಿ ಸಾಲಿನಲ್ಲೂ ತಿರುಗಿದ ಜಾಗದಲ್ಲಿ ಸಣ್ಣ ಸಂದಿ ಕಾಣುತ್ತದೆ. ಅದರ ಆಚೆ ಈಚೆಯ ಎರಡನ್ನು ಸೇರಿಸಿ ಹೆಣೆದು, ಇನ್ನೊಂದು ಹೆಣೆದು ತಿರುಗಿ. ಕೊನೆಯ ಎರಡು ಸಾಲಲ್ಲಿ ಆ ಇನ್ನೊಂದು ಉಳಿದಿರುವುದಿಲ್ಲ, ಗಾಬರಿ ಬೇಡ. ಮುಗಿದಾಗ 18 ಸ್ಟಿಚ್ ಇದ್ದರೆ ಲೆಕ್ಕ ಸರಿ.

ಇನ್ನು ಆ ತೂತು. ಹಿಮ್ಮಡಿಯ 32 ಸಾಲು ಹೆಣೆಯುವಷ್ಟು ಹೊತ್ತು ಮೇಲುಪಾದದ ಸ್ಟಿಚ್‌ಗಳು ಸುಮ್ಮನೆ ಕಾದಿರುತ್ತವೆ. ಎರಡೂ ಭಾಗ ಸೇರುವ ಮೂಲೆಯಲ್ಲಿ ಒಂದೇ ಒಂದು ಎಳೆ ಎರಡು ಕಡೆಯ ಎಳೆತ ತಡೆದುಕೊಂಡು ಉದ್ದವಾಗುತ್ತದೆ. ಆ 32 ಸಾಲಿನ ಪಕ್ಕದ ಅಂಚಿನಿಂದ 16 ಸ್ಟಿಚ್ ಎತ್ತಿಕೊಂಡ ಮೇಲೆ ಸಡಿಲವಾಗಿ ಕಾಣುವ ಆ ದೊಡ್ಡ ಕುಣಿಕೆಗೇ ಕಡ್ಡಿ ಚುಚ್ಚಿದರೆ ತೂತು ಇನ್ನಷ್ಟು ಬಾಯಿ ಬಿಡುತ್ತದೆ. ಅದರ ಬದಲು ಒಂದು ಸಾಲು ಕೆಳಗಿನ, ಬಿಗಿಯಾಗಿರುವ ಎಳೆಯನ್ನು ಎತ್ತಿ, ತಿರುಚಿ, 17ನೇ ಸ್ಟಿಚ್ ಮಾಡಿಕೊಳ್ಳಿ. ಎರಡೂ ಪಕ್ಕ ಹೀಗೆ ಮಾಡಿದರೆ, ಹಿಮ್ಮಡಿಯ 18, ಮೇಲುಪಾದದ 32 ಸೇರಿ ಒಟ್ಟು 84. ಮುಂದಿನ ಸುತ್ತಿನಲ್ಲಿ ಆ ಹೆಚ್ಚುವರಿಯನ್ನು ಪಕ್ಕದ್ದರ ಜೊತೆ ಸೇರಿಸಿ ಹೆಣೆದರೆ 82. ಆಮೇಲೆ ಸುತ್ತು ಬಿಟ್ಟು ಸುತ್ತು ಎರಡೆರಡು ಕಡಿಮೆ ಮಾಡಿ, 9 ಸಲಕ್ಕೆ ಮತ್ತೆ 64.

ಕಡ್ಡಿಯಿಂದ ಕಡ್ಡಿಗೆ ದಾಟುವಲ್ಲಿ ಏಣಿಯ ಹಾಗೆ ಗೆರೆ ಬೀಳುತ್ತಿದ್ದರೆ ಮೊದಲ ಸ್ಟಿಚ್ ಅಲ್ಲ, ಎರಡನೆಯದನ್ನು ಹೆಣೆದಾಗ ದಾರ ಎಳೆಯಿರಿ.

ಪಾದ 24 ಸೆಂ.ಮೀ. ಉದ್ದ ಇದ್ದರೆ ಸಾಕ್ಸ್ 23. ಹಿಮ್ಮಡಿಯಿಂದ 18 ಸೆಂ.ಮೀ. ಆದಾಗ ಬೆರಳ ಭಾಗ ಶುರು ಮಾಡಿ. ಸುತ್ತು ಬಿಟ್ಟು ಸುತ್ತು ನಾಲ್ಕು ಕಡಿಮೆ ಮಾಡುತ್ತ 32ಕ್ಕೆ, ಆಮೇಲೆ ಪ್ರತಿ ಸುತ್ತೂ ಕಡಿಮೆ ಮಾಡುತ್ತ 16ಕ್ಕೆ ತನ್ನಿ. ದಾರ 40 ಸೆಂ.ಮೀ. ಬಿಟ್ಟು ಕತ್ತರಿಸಿ, ಎಂಟೆಂಟನ್ನು ಎದುರುಬದುರು ಇಟ್ಟು ಕಿಚನರ್ ಸ್ಟಿಚ್‌ನಲ್ಲಿ (ಸೂಜಿಯಿಂದ ಜೋಡಣೆ ಕಾಣದ ಹಾಗೆ) ಸೇರಿಸಿ. ಎಳೆದು ಕಟ್ಟಿ ಗಂಟು ಹಾಕಿದರೆ ಆ ಗಂಟು ನಡೆದಷ್ಟೂ ಬೆರಳಿಗೆ ಒತ್ತುತ್ತದೆ.

ಒಗೆಯುವಾಗ ಬಿಸಿನೀರು, ಬ್ರಷ್ ಬೇಡವೇ ಬೇಡ. ಶಾಖ, ಸೋಪು, ಉಜ್ಜಾಟ ಸೇರಿದರೆ ಉಣ್ಣೆಯ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಸಾಕ್ಸ್ ಕುಗ್ಗಿ ಗಟ್ಟಿಯಾಗುತ್ತದೆ, ಅದನ್ನು ಮತ್ತೆ ಸರಿ ಮಾಡಲಾಗದು. ತಣ್ಣೀರಲ್ಲಿ ನೆನೆಸಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಹರಡಿ. ಹಿಮ್ಮಡಿ ತೆಳ್ಳಗಾಗಿದೆ ಅನಿಸಿದಾಗಲೇ, ತೂತು ಬೀಳುವ ಮೊದಲು, ಉಳಿದ ದಾರದಿಂದ ಅದೇ ಸ್ಟಿಚ್‌ಗಳ ಜಾಡಿನಲ್ಲಿ ಸೂಜಿ ಓಡಿಸಿ.