ಗೋಡೆ ಆಗ್ಲೇ ಹೇಳಿದ್ದನ್ನ ಮತ್ತೆ ಹೇಳ್ಬೇಡಿ: ಸ್ಯಾನ್ ಫ್ರಾನ್ಸಿಸ್ಕೋದಿಂದ ಕವಿತೆ ಕಳಿಸಿದವರಿಗೆ

ನಮಸ್ಕಾರ. ನಮ್ಮ ಪತ್ರಿಕೆಗೆ ನೀವು ಕಳಿಸಿದ ಆರು ಕವಿತೆಗಳನ್ನೂ ಜೊತೆಗಿದ್ದ ಆ ಉದ್ದನೆ ಇಮೇಲನ್ನೂ ಓದಿದೆ. ಉತ್ತರಾನ ಎಲ್ಲರೂ ಓದೋ ಹಾಗೆ ಹಾಕಿ ಅಂತ ನೀವೇ ಹೇಳಿದ್ರಿಂದ ಹೆಸರು ಬಿಟ್ಟು ಇಲ್ಲಿ ಹಾಕ್ತಿದೀನಿ, ಮುಚ್ಚುಮರೆ ಇಲ್ಲದೆ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ಓದೋ ಬೇರೆಯವರಿಗೆ ಸ್ವಲ್ಪ ಹಿನ್ನೆಲೆ. ಇವರು ಇರೋದು ಸ್ಯಾನ್ ಫ್ರಾನ್ಸಿಸ್ಕೋದ ಮಿಷನ್ ಅನ್ನೋ ಏರಿಯಾದಲ್ಲಿ, ಸಾಫ್ಟ್‌ವೇರ್ ಕೆಲಸ, ಬೆಳಿಗ್ಗೆ ಕಂಪನಿ ಬಸ್ ಹತ್ತಿ ಹೋದ್ರೆ ರಾತ್ರಿ ವಾಪಸ್. ಮೆಕ್ಸಿಕೋ, ಎಲ್ ಸಾಲ್ವಡಾರ್, ನಿಕರಾಗುವಾ ಕಡೆಯಿಂದ ಬಂದ ಕುಟುಂಬಗಳು ದಶಕಗಳಿಂದ ಬದುಕು ಕಟ್ಟಿಕೊಂಡಿರೋ ಜಾಗ ಅದು. ಅಲ್ಲಿನ ಗಲ್ಲಿಗಳ ತುಂಬ ರಾಜಕೀಯದ ಗೋಡೆ ಚಿತ್ರಗಳು. ಟೆಕ್ ದುಡ್ಡು ಬಂದ್ಮೇಲೆ ಬಾಡಿಗೆ ಏರಿ, ಚಿತ್ರ ಬರೆದವರೂ ಚಿತ್ರದಲ್ಲಿರೋರೂ ಒಬ್ಬೊಬ್ಬರಾಗಿ ಏರಿಯಾ ಬಿಟ್ಟು ಹೋಗ್ತಿದ್ದಾರೆ. ಆ ಚಿತ್ರಗಳನ್ನ ನೋಡಿ ಬರೆದ ಕವಿತೆಗಳು ಇವು, ಗುಚ್ಛದ ಹೆಸರು ‘ಗೋಡೆಗಳು ಮಾತಾಡುತ್ತವೆ’. ಹೆಸರು ಮೊದಲು ಬದಲಾಯಿಸಿ, ಇದೇ ಹೆಸರಲ್ಲಿ ನಮಗೆ ಕವಿತೆ ಬರ್ತಾನೇ ಇರತ್ತೆ.

ಈಗ ಕವಿತೆಗೆ ಬರೋಣ. ಮೊದಲನೇದು ಹೀಗೆ ಶುರುವಾಗತ್ತೆ:

ಗೋಡೆಯ ಮೇಲೆ ಬಣ್ಣದ ಕಂಬನಿ,
ಶೋಷಿತರ ಕಣ್ಣಲ್ಲಿ ಕ್ರಾಂತಿಯ ಕಿಡಿ,
ಓ ತಾಯೇ, ನಿನ್ನ ಮಡಿಲ ಕೂಸು
ನಾಳೆಯ ಸೂರ್ಯ!

ಇದು ಯಾವ ಗೋಡೆ ಅಂತ ಹೇಳಿ ನೋಡೋಣ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಗೋಡೆಗೂ ನಡೆಯತ್ತೆ, ನಮ್ಮ ಬೆಂಗಳೂರಿನ ಯಾವುದೋ ಫ್ಲೈಓವರ್ ಕೆಳಗಿನ ಚಿತ್ರಕ್ಕೂ ನಡೆಯತ್ತೆ. ನೀವು ಇಮೇಲಲ್ಲಿ ಬರೆದಿರೋ ಪ್ರಕಾರ ಇದು ಬಾಮಿ ಆಲಿ ಅನ್ನೋ ಗಲ್ಲಿಯ ಚಿತ್ರ. ಆ ಗಲ್ಲಿ ಕಥೆ ಎಷ್ಟು ಗಟ್ಟಿಯಾಗಿದೆ ಅಂದ್ರೆ ಅದರ ಒಂದು ಎಳೆ ಹಿಡಿದಿದ್ರೂ ಸಾಕಿತ್ತು. 24ನೇ ರಸ್ತೆಗೂ 25ನೇ ರಸ್ತೆಗೂ ಮಧ್ಯೆ ಒಂದೇ ಬ್ಲಾಕಿನಷ್ಟು ಉದ್ದದ ಸಂದಿ, ಮನೆಗಳ ಹಿಂಭಾಗ, ಬೇಲಿಗಳು, ಗ್ಯಾರೇಜ್ ಬಾಗಿಲುಗಳು. 70ರ ದಶಕದ ಶುರುವಲ್ಲಿ ಅಲ್ಲಿ ಮೊದಲ ಚಿತ್ರಗಳು ಬಂದ್ವು, ಆಮೇಲೆ 1984ರಲ್ಲಿ ಪ್ಲಾಕಾ ಅನ್ನೋ ಕಲಾವಿದರ ಗುಂಪು ಗಲ್ಲಿ ಪೂರ್ತಿ ಚಿತ್ರ ಬರೀತು. ಅವರಿಗೆ ವಿಷಯ ಎರಡೇ, ಮಧ್ಯ ಅಮೆರಿಕದ ಜನರ ಬದುಕಿಗೆ ಗೌರವ, ಅಲ್ಲಿನ ಯುದ್ಧಗಳಲ್ಲಿ ಅಮೆರಿಕ ಸರ್ಕಾರದ ಕೈವಾಡಕ್ಕೆ ವಿರೋಧ. ಅಂದ್ರೆ ಆ ಚಿತ್ರ ಬರೆದವರು ತಾವು ತೆರಿಗೆ ಕಟ್ಟೋ ಸರ್ಕಾರ ಆ ಹೊತ್ತಲ್ಲಿ ಮಾಡ್ತಿದ್ದ ಕೆಲಸಕ್ಕೆ ಅದೇ ಸರ್ಕಾರದ ನೆಲದಲ್ಲಿ ನಿಂತು ಬೇಡ ಅಂತಿದ್ರು, ಆ ಯುದ್ಧಗಳಿಂದ ತಪ್ಪಿಸಿಕೊಂಡು ಬಂದವರು ಅದೇ ಏರಿಯಾದ ಮನೆಗಳಲ್ಲಿ ಬಾಡಿಗೆಗಿದ್ರು. ನಿಮ್ಮ ‘ಶೋಷಿತರು’ ಅನ್ನೋ ಒಂದು ಪದದಲ್ಲಿ ಇದೆಲ್ಲ ಕರಗಿಹೋಗಿದೆ. ಯಾರು, ಯಾರಿಂದ, ಯಾವಾಗ, ಯಾವ ಬೀದೀಲಿ ಅನ್ನೋದು ಕವಿತೆಯಲ್ಲಿ ಎಲ್ಲೂ ಸಿಗಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ನಿಮ್ಮ ಆರರಲ್ಲಿ ಐದು ಕವಿತೆ ಚಿತ್ರದಲ್ಲಿ ಏನಿದೆ ಅಂತ ಹೇಳಿ, ಆಮೇಲೆ ಚಿತ್ರ ಹೇಳೋದು ಸರಿ ಅಂತ ಹೇಳಿ ನಿಲ್ತವೆ. ಚಿತ್ರ ಅದನ್ನ ಆಗ್ಲೇ ಹೇಳಿದೆ ಅಲ್ವಾ, ಅದೂ ಹತ್ತಡಿ ಎತ್ತರದಲ್ಲಿ, ಬಣ್ಣದಲ್ಲಿ, ದಾರೀಲಿ ಹೋಗೋರೆಲ್ಲ ನೋಡೋ ಹಾಗೆ. ಅದೇ ಏರಿಯಾದ ಇನ್ನೊಂದು ಗಲ್ಲಿ ಕ್ಲೇರಿಯನ್ ಆಲಿಯಲ್ಲಿ ‘ಶ್ರೀಮಂತರಿಗೆ ತೆರಿಗೆ ಹಾಕಿ’ ಅಂತ ದೊಡ್ಡ ಅಕ್ಷರದಲ್ಲಿ ಬರೆದಿದ್ದನ್ನ ನೋಡಿ ನೀವು ಹದಿನಾರು ಸಾಲಲ್ಲಿ ಶ್ರೀಮಂತರಿಗೆ ತೆರಿಗೆ ಹಾಕಬೇಕು ಅಂತ ಬರೆದಿದೀರಿ. ಆ ಹದಿನಾರು ಸಾಲಿಗಿಂತ ಗೋಡೆ ಮೇಲಿನ ಮೂರು ಪದ ಜೋರಾಗಿದೆ. ಕನ್ನಡದಲ್ಲಿ ನಮಗೆ ಈ ಅಭ್ಯಾಸ ಬಂಡಾಯದ ಕಾಲದಿಂದಲೂ ಇದೆ, ಅದನ್ನ ನಾನು ಹೀಗಳೀತಿಲ್ಲ, ಆ ಕವಿತೆಗಳನ್ನ ಮೆರವಣಿಗೇಲಿ ತಮಟೆ ಜೊತೆ ಕೇಳಿ ಬೆಳೆದವಳು ನಾನು, ಅಲ್ಲಿ ಒಂದು ಸಾಲನ್ನ ನೂರು ಬಾಯಿ ಎತ್ತಿ ಹಾಡ್ತಿತ್ತು, ಸಾಲಿಗೆ ಬೇಕಾದ ಬಲ ಅಲ್ಲಿಂದ ಬರ್ತಿತ್ತು. ನಿಮ್ಮ ಓದುಗ ಒಬ್ಬನೇ ಕೂತು ಫೋನಲ್ಲಿ ಓದ್ತಿರ್ತಾನೆ, ಅವನ ಸುತ್ತ ಯಾರೂ ಇಲ್ಲ.

ಮಿಷನ್ನಿನ ಕವಿಗಳು ಇದನ್ನ ಹೇಗೆ ಮಾಡಿದ್ರು ಅಂತ ಸ್ವಲ್ಪ ನೋಡಿ. ಅಲೆಹಾಂದ್ರೋ ಮುರ್ಗಿಯಾ ಅಂತ ಇದ್ದಾರೆ, 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಸ್ಥಾನಕವಿ ಆದವರು, ಆ ಗೌರವ ಸಿಕ್ಕಿದ ಮೊದಲ ಲ್ಯಾಟಿನೋ, ಅಂದ್ರೆ ಲ್ಯಾಟಿನ್ ಅಮೆರಿಕ ಮೂಲದ, ಕವಿ. ಅವರ ಒಂದು ಹೆಸರಾದ ಕವಿತೆಗೆ ಮಿಷನ್ನಿನ ಎರಡು ರಸ್ತೆ ಕೂಡೋ ಜಾಗದ ಹೆಸರೇ ಶೀರ್ಷಿಕೆ, 16ನೇ ರಸ್ತೆ ಮತ್ತು ವಲೆನ್ಸಿಯಾ. ಮೂಲೇಲಿ ನಿಂತು ಕವಿತೆ ಹೇಳೋ ಜನ ಅದರಲ್ಲಿ ಹೆಸರು ಸಮೇತ ಬರ್ತಾರೆ. ಈ ಮನುಷ್ಯ 70ರ ದಶಕದ ಕೊನೇಲಿ ನಿಕರಾಗುವಾಗೆ ಹೋಗಿ, ಅಲ್ಲಿನ ಸರ್ವಾಧಿಕಾರದ ವಿರುದ್ಧ ಎದ್ದಿದ್ದ ಸ್ಯಾಂಡಿನಿಸ್ಟರ ಜೊತೆ ಹೋರಾಡಿ ಬಂದವರು. ಅದೇ ಏರಿಯಾದ ಇನ್ನೊಬ್ಬ ಕವಿ ರೊಬೆರ್ತೋ ವಾರ್ಗಾಸ್ ಕೂಡ ಆ ಹೋರಾಟದಲ್ಲಿದ್ರು. ಹಾಗಾಗಿ 1984ರಲ್ಲಿ ಗಲ್ಲಿ ಗೋಡೆ ಮೇಲೆ ನಿಕರಾಗುವಾ ಬಂದಾಗ ಅವರಿಗೆ ಅದು ಹೊರಗೆ ನಿಂತು ನೋಡೋ ಚಿತ್ರ ಆಗಿರ್ಲಿಲ್ಲ. ಚಿತ್ರ ಬರೆಯೋರು, ಪೋಸ್ಟರ್ ಮಾಡೋರು, ಕವಿತೆ ಓದೋರು ಎಲ್ಲ ಅವೇ ಅಂಗಡಿ, ಅವೇ ಸಭೆಗಳಲ್ಲಿ ಸೇರೋ ಜನ.

ನೀವು ಅವರಲ್ಲಿ ಒಬ್ರಲ್ಲ, ಆಗೋಕೂ ಆಗಲ್ಲ. ಅದಕ್ಕೇ ನಿಮ್ಮ ಇಮೇಲಲ್ಲಿದ್ದ ಪ್ರಶ್ನೆ ನನಗೆ ಮುಖ್ಯ ಅನ್ನಿಸ್ತು: ‘ನಾನು ಹೊರಗಿನವಳು, ಅದೂ ಟೆಕ್‌ನವಳು, ಈ ಚಿತ್ರಗಳ ಬಗ್ಗೆ ಬರೆಯೋ ಹಕ್ಕು ನನಗಿದೆಯಾ?’ ಖಂಡಿತ ಇದೆ, ಆದ್ರೆ ನೀವು ಯಾರೋ ಹಾಗೇ ಬರೆದ್ರೆ ಮಾತ್ರ. ಆರೂ ಕವಿತೆಯಲ್ಲಿ ನಾನು ನಿಮ್ಮನ್ನ ಹುಡುಕಿದೆ, ಎಲ್ಲೂ ಸಿಗ್ಲಿಲ್ಲ. ‘ನಾವು ಬೀದಿಯ ಮಕ್ಕಳು’ ಅಂತ ಒಂದು ಕಡೆ ಬರತ್ತೆ. ಆ ‘ನಾವು’ ತೆಗೀರಿ, ಅದು ನಿಮ್ಮದಲ್ಲ. 2013ರ ಡಿಸೆಂಬರ್ 9ಕ್ಕೆ 24ನೇ ರಸ್ತೆ ಮತ್ತು ವಲೆನ್ಸಿಯಾ ಕೂಡೋ ಕಡೆ ಜನ ಗೂಗಲ್ ಉದ್ಯೋಗಿಗಳ ಬಸ್ಸನ್ನ ಅಡ್ಡ ಹಾಕಿ ನಿಲ್ಲಿಸಿದ್ರು. ಸಾರ್ವಜನಿಕ ಬಸ್ ಸ್ಟಾಪ್‌ಗಳನ್ನ ಕಂಪನಿ ಬಸ್ಸುಗಳು ಬಿಟ್ಟಿ ಬಳಸ್ತಿದಾವೆ, ಅವು ನಿಲ್ಲೋ ಕಡೆ ಬಾಡಿಗೆ ಏರ್ತಿದೆ ಅನ್ನೋದು ಅವರ ಸಿಟ್ಟು. ಅದಾದ್ಮೇಲೆ 2014ರಲ್ಲಿ ನಗರ ಆಡಳಿತ ಒಂದೊಂದು ನಿಲುಗಡೆಗೆ 1 ಡಾಲರ್ ಅಂತ ಶುಲ್ಕ ಹಾಕ್ತು. ಅಂಥದೇ ಬಸ್ಸು ನೀವು ದಿನಾ ಹತ್ತೋದು. ಅದರ ಕಿಟಕಿಯಿಂದ ಗೋಡೆ ಹೇಗೆ ಕಾಣತ್ತೆ ಅಂತ ಕನ್ನಡದಲ್ಲಿ ನಿಮ್ಮಷ್ಟು ಹತ್ತಿರದಿಂದ ಬಲ್ಲವರು ಕಮ್ಮಿ. ಹಾಗಂತ ಕೂತ್ಕೊಂಡು ‘ನಾನು ಪಾಪಿ’ ಅಂತ ಎದೆ ಬಡ್ಕೊಂಡು ಬರೀಬೇಡಿ, ಅದರಲ್ಲೂ ಕವಿತೆ ನಿಮ್ಮ ಸುತ್ತಾನೇ ತಿರುಗತ್ತೆ, ಮನೆ ಕಳ್ಕೊಂಡವರು ಮತ್ತೆ ಹಿಂದಕ್ಕೆ ಹೋಗ್ತಾರೆ.

ನಾಲ್ಕನೇ ಕವಿತೆಯಲ್ಲಿ ‘ಅಳಿಯದ ಗೋಡೆ, ಅಳಿಸಲಾಗದ ಬಣ್ಣ’ ಅಂತೀರಿ. ಇದು ಸುಳ್ಳು, ಅಲ್ಲಿನವರಿಗೆ ಅದು ಸುಳ್ಳು ಅಂತ ಚೆನ್ನಾಗಿ ಗೊತ್ತು. ಹ್ಯಾರಿಸನ್ ರಸ್ತೆ ಕಡೆ ಚೂಯ್ ಕಂಪುಸಾನೋ ಅನ್ನೋ ಕಲಾವಿದ 80ರ ದಶಕದಲ್ಲಿ ಬರೆದ ಲಿಲಿ ಆನ್ ಅನ್ನೋ ದೊಡ್ಡ ಚಿತ್ರವನ್ನ 1998ರಲ್ಲಿ, ಇಂಟರ್ನೆಟ್ ಕಂಪನಿಗಳ ಡಾಟ್‌ಕಾಮ್ ಭರಾಟೆಯಲ್ಲಿ, ಕಟ್ಟಡದವರು ಬಿಳಿ ಬಣ್ಣ ಹೊಡೆದು ಮುಚ್ಚಿಬಿಟ್ರು. ಕಲಾವಿದನ ಕುಟುಂಬದವರು ಕೋರ್ಟಿಗೆ ಹೋದ್ರು, ಆಮೇಲೆ ಪರಿಹಾರ ಕೊಟ್ಟು ರಾಜಿ ಆಯ್ತು, ಚಿತ್ರ ಮಾತ್ರ ಹೋಯ್ತು. ಗಲೆರಿಯಾ ದೆ ಲಾ ರಾಸಾ ಅಂತ 1970ರಲ್ಲಿ ಶುರುವಾದ ಕಲಾ ಸಂಸ್ಥೆ, 24ನೇ ರಸ್ತೆಯ ಮೂಲೇಲಿ ದಶಕಗಟ್ಟಲೆ ಇತ್ತು, 2018ರಲ್ಲಿ ಬಾಡಿಗೆ ಒಂದೇ ಸಲ ಏರಿಸಿದ್ದಕ್ಕೆ ಆ ಜಾಗ ಬಿಡಬೇಕಾಯ್ತು. ಇದರ ಮೇಲೆ ಇನ್ನೊಂದು ವಿಷಯ, ಇದನ್ನ ನೀವು ತಿಳ್ಕೊಂಡಿದ್ರೆ ನಿಮ್ಮ ‘ಒಂದೇ ಧ್ವನಿಯ ಜನ’ ಅನ್ನೋ ಸಾಲು ಬರ್ತಾನೇ ಇರ್ಲಿಲ್ಲ. 2015ರ ಜೂನ್‌ನಲ್ಲಿ ಅದೇ ಗಲೆರಿಯಾ ಗೋಡೆ ಮೇಲೆ ಪೋರ್ ವೀದಾ ಅನ್ನೋ ಮ್ಯೂರಲ್ ಹಾಕಿದ್ರು, ಲ್ಯಾಟಿನೋ ಸಲಿಂಗಿ ಜೋಡಿಗಳು ಮತ್ತು ಒಬ್ಬ ಟ್ರಾನ್ಸ್ ವ್ಯಕ್ತಿ ಅದರಲ್ಲಿದ್ರು. ಅದರ ಮೇಲೆ ಯಾರೋ ಮತ್ತೆ ಮತ್ತೆ ಸ್ಪ್ರೇ ಹೊಡೆದು ಕೆಡಿಸಿದ್ರು, ಕೊನೆಗೆ ಬೆಂಕಿ ಹಚ್ಚಿದ್ರು. ಇಂಥ ಚಿತ್ರ ನಮ್ಮ ಬೀದೀಲಿ ಯಾಕೆ ಅಂತ ಅದೇ ಸಮುದಾಯದ ಒಳಗೇ ಜಗಳ ನಡೀತು. ಹೊರಗಿನಿಂದ ಒತ್ತಡ ಬಂದಾಗ ಒಳಗಿನ ಬಿರುಕು ಮಾಯ ಆಗಲ್ಲ. ಬರೆಯೋಕೆ ಕಷ್ಟ ಇದು, ಆದ್ರೂ ಇಂಥದ್ದನ್ನ ಬಿಟ್ಟು ಬರೆದ ಕವಿತೆ ನನಗೆ ಪೂರ್ತಿ ನಿಜ ಅನ್ನಿಸಲ್ಲ.

ಐದನೇದು ಅಲೆಕ್ಸ್ ನಿಯೆತೋ ಬಗ್ಗೆ. ‘ಗುಂಡಿಗೆ ಬಲಿಯಾದ ಹೂವು’ ಅಂದಿದೀರಿ. ಆ ಹುಡುಗ ಹೂವಲ್ಲ, 28 ವರ್ಷದ ಸೆಕ್ಯುರಿಟಿ ಗಾರ್ಡ್. 2014ರ ಮಾರ್ಚ್ 21ರ ಸಂಜೆ ಕೆಲಸಕ್ಕೆ ಹೋಗೋ ಮುಂಚೆ, ತಾನು ಹುಟ್ಟಿ ಬೆಳೆದ ಕಡೆಯ ಬರ್ನಲ್ ಗುಡ್ಡದ ಮೇಲೆ ಕೂತು ಬರೀಟೋ ತಿಂತಿದ್ದ. ಸೊಂಟದಲ್ಲಿ ಡ್ಯೂಟಿಗೆ ಇಟ್ಕೊಂಡಿದ್ದ ಟೇಸರ್, ಕರೆಂಟ್ ಶಾಕ್ ಕೊಡೋ ಸಾಧನ. ಯಾರೋ ಅವನನ್ನ ನೋಡಿ ಪೊಲೀಸರಿಗೆ ಫೋನ್ ಮಾಡಿದ್ರು, ಬಂದ ಪೊಲೀಸರು 50ಕ್ಕೂ ಹೆಚ್ಚು ಗುಂಡು ಹಾರಿಸಿದ್ರು. ಅವನು ಟೇಸರ್ ಗುರಿ ಇಟ್ಟ, ನಾವು ಅದನ್ನ ಪಿಸ್ತೂಲು ಅಂದ್ಕೊಂಡ್ವಿ ಅನ್ನೋದು ಅವರ ಹೇಳಿಕೆ. 2016ರಲ್ಲಿ ಸಿವಿಲ್ ಕೇಸಿನ ಜ್ಯೂರಿ ಪೊಲೀಸರದ್ದು ತಪ್ಪಿಲ್ಲ ಅಂತು. ಹೊಸದಾಗಿ ಬಂದವರಿಗೆ ನಮ್ಮ ಮನೆ ಮಕ್ಕಳು ಅನುಮಾನದ ವ್ಯಕ್ತಿಗಳ ಹಾಗೆ ಕಾಣ್ತಾರೆ ಅನ್ನೋದು ಆ ಏರಿಯಾದ ಎಷ್ಟೋ ಜನರ ಸಂಕಟ, ಆ ಸಾವು ಗೋಡೆ ಮೇಲೆ ಬಂದಿದ್ದು ಅದಕ್ಕೇ. ಆ ಊಟ, ಆ ಗುಡ್ಡ, ಆ ಫೋನು, ಇಷ್ಟಿದ್ರೆ ಸಾಕು, ಹೂವು ಬೇಡ.

ಮೂರನೇದರ ಬಗ್ಗೆ ಜಾಸ್ತಿ ಹೇಳಲ್ಲ. ಮಿಷನ್ನಿನ ಮಹಿಳಾ ಕೇಂದ್ರ ವಿಮೆನ್ಸ್ ಬಿಲ್ಡಿಂಗಿನ ಎರಡು ಮಗ್ಗುಲೂ ತುಂಬಿರೋ 1994ರ ಆ ಚಿತ್ರದ ಬಗ್ಗೆ ‘ಮಹಾಮಾತೆ’ ಅಂತ ನಾಲ್ಕು ಸಲ ಬರೆದಿದೀರಿ. ಅದನ್ನ ಬರೆದಿದ್ದು ಏಳು ಜನ ಹೆಂಗಸರು, ಅವರಲ್ಲಿ ಮೀರಾ ದೇಸಾಯಿ ಅನ್ನೋರೂ ಒಬ್ರು. ಅಟ್ಟಣಿಗೆ ಹತ್ತಿ ಕೆಲಸ ಮಾಡಿದವರ ಹೆಸರು ಒಂದೂ ನಿಮ್ಮ ಕವಿತೆಯಲ್ಲಿಲ್ಲ.

ಈಗ ನನಗೆ ಖುಷಿ ಕೊಟ್ಟ ಎರಡು ವಿಷಯ. ಆರನೇ ಕವಿತೆ, ಬಾಮಿ ಆಲಿಯ ಬೆಳಗಿನ ಹೊತ್ತು:

ಗ್ಯಾರೇಜ್ ಬಾಗಿಲು ಮೇಲೇಳುತ್ತೆ,
ಚಿತ್ರದ ಹೆಂಗಸು ಸೊಂಟದಲ್ಲಿ ಮಡಚಿ
ಒಳಗೆ ಹೋಗ್ತಾಳೆ,
ಕಾರು ಹೊರಗೆ ಬರುತ್ತೆ.

ಇದನ್ನ ಓದಿ ನಾನು ಕೂತಲ್ಲೇ ನೆಟ್ಟಗಾದೆ. ಇದು ಅಲ್ಲಿ ನಿಂತು ನೋಡಿದವರಿಗೆ ಮಾತ್ರ ಸಿಗೋ ನೋಟ. ಚಿತ್ರ ಇರೋದು ಯಾರದೋ ಆಸ್ತಿಯ ಬಾಗಿಲ ಮೇಲೆ, ಬಾಗಿಲು ಅವರ ಅನುಕೂಲಕ್ಕೆ ಏಳತ್ತೆ, ಆ ಹೆಂಗಸು ದಿನಾ ಮಡಚ್ಕೊಂಡು ದಾರಿ ಬಿಡಬೇಕು. ಎಲ್ಲ ಇದೆ ಇದರಲ್ಲಿ, ಒಂದು ಘೋಷಣೆ ಇಲ್ಲ. ಆಮೇಲೆ ನೀವು ಏನ್ ಮಾಡಿದ್ರಿ, ಕೆಳಗೆ ‘ಹೀಗೇ ಮಡಚಿದೆ ಬಂಡವಾಳ / ಬಡವರ ಬಾಳ’ ಅಂತ ಸೇರಿಸಿದ್ರಿ. ಓದುಗನಿಗೆ ಅರ್ಥ ಆಗಲ್ವೇನೋ ಅನ್ನೋ ಭಯ ಅದು. ಆ ಎರಡು ಸಾಲು ತೆಗೀರಿ. ‘ಹೋಗ್ತಾಳೆ’ ಅನ್ನೋ ಆಡುಮಾತನ್ನ ಹಾಗೇ ಬಿಡಿ, ತಿದ್ದಿ ‘ಹೋಗುತ್ತಾಳೆ’ ಮಾಡ್ಬೇಡಿ, ಬೇಕಿದ್ರೆ ‘ಬರುತ್ತೆ’ಯನ್ನ ‘ಬರತ್ತೆ’ ಮಾಡಿ, ಎಲ್ಲ ಒಂದೇ ಬಾಯಿಂದ ಬಂದ ಹಾಗಿರ್ಲಿ.

ಖುಷಿ ಕೊಟ್ಟ ಎರಡನೇ ವಿಷಯ ಕವಿತೆಯಲ್ಲೇ ಇಲ್ಲ, ಇಮೇಲಲ್ಲಿದೆ, ಮೂರೇ ವಾಕ್ಯ. ಪಕ್ಕದ ಬಿಲ್ಡಿಂಗಿನ ಅಜ್ಜಿ ಬಾಗಿಲಿಗೆ ಅಂಟಿಸಿದ್ದ ಕಾಗದ ಹಿಡ್ಕೊಂಡು ಬಂದು ನಿಮ್ಮ ಬೆಲ್ ಮಾಡಿದ್ರು, ಆ ಹೊತ್ತಲ್ಲಿ ಮನೇಲಿದ್ದವರು ನೀವೊಬ್ರೇ, ಅವರಿಗೆ ಇಂಗ್ಲಿಷ್ ಬರಲ್ಲ ನಿಮಗೆ ಸ್ಪ್ಯಾನಿಷ್ ಬರಲ್ಲ, ಫೋನಲ್ಲಿ ಒಂದೊಂದೇ ಸಾಲು ತೋರಿಸಿ ಅದು ಮನೆ ಖಾಲಿ ಮಾಡಿಸೋ ಎಲ್ಲಿಸ್ ಆಕ್ಟ್ ನೋಟಿಸ್ ಅಂತ ಅವರಿಗೆ ತಿಳಿಸಿದ್ದು ನೀವು. ರೀ, ಇದನ್ನ ಬಿಟ್ಟು ಕ್ರಾಂತಿಯ ಕಿಡಿ ಬರೆದಿದೀರಲ್ಲ! ಆ ಕಾನೂನು 1985ರದ್ದು, ಮಾಲೀಕರು ಬಾಡಿಗೆ ವ್ಯವಹಾರದಿಂದಲೇ ಹೊರಗೆ ಬರ್ತೀವಿ ಅಂದ್ರೆ ಇಡೀ ಕಟ್ಟಡ ಖಾಲಿ ಮಾಡಿಸಬಹುದು, 120 ದಿನದ ಗಡುವು, 62 ತುಂಬಿದವರಿಗೆ ಒಂದು ವರ್ಷ, ಆದ್ರೆ ಆ ವರ್ಷ ತಾನಾಗೇ ಸಿಗಲ್ಲ, ನನಗಿಷ್ಟು ವಯಸ್ಸು ಅಂತ ಅವರೇ ಬರೆದು ಕೊಡಬೇಕು, ಅದಕ್ಕೂ ಗಡುವಿದೆ. ನೀವು ಅಜ್ಜಿ ವಯಸ್ಸು ಕೇಳಿದ್ರಾ? ಹೇಗೆ ಕೇಳಿದ್ರಿ, ಬೆರಳು ಎಣಿಸಿಯಾ? ಅವರು ಕೂತ್ರಾ, ನಿಂತೇ ಇದ್ರಾ? ಅವತ್ತು ನಿಮ್ಮ ಬಾಡಿಗೆ ಎಷ್ಟು ಅಂತ ಅವರು ಕೇಳಿದ್ರಾ? ಆ ಬಾಗಿಲಿಂದ ನೋಡಿದ್ರೆ ಯಾವ ಚಿತ್ರ ಕಾಣತ್ತೆ? ಗೋಡೆ ಈ ಕವಿತೆಗೆ ಬರೋದಾದ್ರೆ ಇಲ್ಲಿಂದ ಬರ್ಲಿ, ಬರದಿದ್ರೂ ಪರವಾಗಿಲ್ಲ.

ಆರನೇ ಕವಿತೆ ಆ ಎರಡು ಸಾಲು ಇಲ್ಲದೆ ಕಳಿಸಿ, ತಗೋತೀನಿ. ಮಿಕ್ಕ ಐದು ಬೇಡ, ತಿದ್ದೋಕೂ ಹೋಗ್ಬೇಡಿ. ನೋಟಿಸಿನದ್ದು ಬರೆದ್ರೆ ಮೊದಲು ನಮಗೇ ಕಳಿಸಿ, ಉದ್ದ ಆದ್ರೂ ಆಗ್ಲಿ. ಆದ್ರೆ ಅಚ್ಚಿಗೆ ಕೊಡೋ ಮುಂಚೆ ಅಜ್ಜಿಯನ್ನೋ ಅವರ ಮಕ್ಕಳನ್ನೋ ಒಂದು ಮಾತು ಕೇಳಿ, ಹೆಸರು, ಮನೆ ನಂಬರ್ ಹಾಕ್ಬೇಡಿ, ಅವರ ಕೇಸು ಇನ್ನೂ ನಡೀತಿದ್ರೆ ಅದು ಮುಗಿಯೋ ತನಕ ನಾವು ಕಾಯ್ತೀವಿ.