ಗೌರಮ್ಮನ ಭಾವಚಿತ್ರ ನಕಲು ಮಾಡಿ ಎಣ್ಣೆಬಣ್ಣ ಕಲಿಯಬಹುದೇ? ಮಡಿಕೇರಿಯ ಮಳೆಗೆ ಬಣ್ಣ ಒಣಗುತ್ತದೆಯೇ?

ಎರಡಕ್ಕೂ ಉತ್ತರ ಹೌದು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮನನ್ನು ಜರ್ಮನ್ ಚಿತ್ರಕಾರ ವಿಂಟರ್‌ಹಾಲ್ಟರ್ 1852ರಲ್ಲಿ ವಿಕ್ಟೋರಿಯಾ ರಾಣಿಗಾಗಿ ಬರೆದ ಚಿತ್ರ ಅದು. ಮೂಲ ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿದೆ. ಆದರೆ ಮೊದಲ ಸಲವೇ ಒಡವೆ, ಉಡುಪು ಎಲ್ಲಕ್ಕೂ ಕೈ ಹಾಕಬೇಡಿ. ತಲೆಯಿಂದ ಭುಜದವರೆಗೆ, 12x16 ಇಂಚಿನಲ್ಲಿ ಬರೆದರೆ ಸಾಕು. ಮೊಬೈಲ್ ನೋಡಿಕೊಂಡು ಬರೆಯುವುದೂ ಬೇಡ, ಪರದೆಯ ಬೆಳಕು ಗಳಿಗೆಗೊಂದು ತರ ಇರುತ್ತದೆ. ಅದೇ ಅಳತೆಯ ಮ್ಯಾಟ್ ಪ್ರಿಂಟ್ ತೆಗೆಸಿ ಬೋರ್ಡಿನ ಪಕ್ಕದಲ್ಲೇ ನಿಲ್ಲಿಸಿ.

ಬೋರ್ಡ್ ಎಂದೆ, ಏಕೆಂದರೆ ನಮ್ಮ ತೇವಕ್ಕೆ ಚೌಕಟ್ಟಿನ ಕ್ಯಾನ್ವಾಸ್ ಸಡಿಲವಾಗುತ್ತದೆ, ಹಿಂಬದಿಗೆ ಬೂಸ್ಟು ಹಿಡಿಯುತ್ತದೆ. ಒಳ್ಳೆಯ ಪ್ಲೈವುಡ್‌ಗೆ ಎರಡೂ ಬದಿ ಮತ್ತು ಅಂಚುಗಳಿಗೆ ಅಕ್ರಿಲಿಕ್ ಜೆಸ್ಸೊ, ಅಂದರೆ ಬಣ್ಣ ಹಿಡಿಯಲು ಹಚ್ಚುವ ಬಿಳಿ ಅಡಿಲೇಪ, ಬಳಿಯಿರಿ. ಮುಂಬದಿಗೆ ಮೂರು ಕೋಟ್, ನಡುನಡುವೆ ಮರಳುಕಾಗದದಿಂದ ಹಗುರಾಗಿ ಉಜ್ಜಿ.

ರೇಖಾಚಿತ್ರವನ್ನು ಮೊದಲು ಕಾಗದದ ಮೇಲೆ ಮುಗಿಸಿ. ದಾರಕ್ಕೆ ಭಾರ ಕಟ್ಟಿ ತೂಗುಬಿಟ್ಟು, ಕಣ್ಣಿನ ಒಳಮೂಲೆ, ಮೂಗಿನ ಹೊಳ್ಳೆ, ತುಟಿಯ ಕೊನೆ ಯಾವುದರ ನೇರಕ್ಕೆ ಯಾವುದು ಬರುತ್ತದೆ ಎಂದು ನೋಡಿ. ನಾಲ್ಕು ಹೆಜ್ಜೆ ಹಿಂದೆ ಸರಿದು ಪ್ರಿಂಟನ್ನೂ ರೇಖಾಚಿತ್ರವನ್ನೂ ಒಟ್ಟಿಗೆ ನೋಡಿದರೆ ತಪ್ಪು ತಾನೇ ಕಾಣಿಸುತ್ತದೆ. ಇಲ್ಲಿ ಬಿಟ್ಟ ತಪ್ಪನ್ನು ಬಣ್ಣ ಮುಚ್ಚುವುದಿಲ್ಲ. ಸರಿ ಬಂದ ಮೇಲೆ ಕಾಗದದ ಹಿಂಬದಿಗೆ ಇದ್ದಿಲು ಸವರಿ ಬೋರ್ಡಿಗೆ ಇಳಿಸಿ.

ಮುಂದಿನದು ಅಂಬರ್ ಎಂಬ ಕಂದು ಬಣ್ಣದ ಅಡಿಪದರ. ನಕಲಿನಿಂದ ಸಿಗುವ ಕಲಿಕೆಯ ಬಹುಪಾಲು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಬರ್ಂಟ್ ಅಂಬರ್ ಒಂದನ್ನೇ ತುಸು ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿ ಇಡೀ ಬೋರ್ಡಿಗೆ ಸವರಿ, ಬೆಳಕಿನ ಜಾಗಗಳನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ, ನೆರಳಿಗೆ ಮತ್ತಷ್ಟು ಅಂಬರ್ ಸೇರಿಸಿ. ಬಣ್ಣವಿಲ್ಲದೆಯೂ ಮುಖ ಗುಂಡಗೆ ಎದ್ದು ಕಾಣುವವರೆಗೆ ಮುಂದೆ ಹೋಗಬೇಡಿ. ಅಂಬರ್‌ನಲ್ಲಿರುವ ಮ್ಯಾಂಗನೀಸ್ ಎಣ್ಣೆಯನ್ನು ಬೇಗ ಒಣಗಿಸುತ್ತದೆ, ಕೊಡಗಿನಲ್ಲಿ ಅದು ದೊಡ್ಡ ಅನುಕೂಲ. ಐವರಿ ಬ್ಲ್ಯಾಕ್ ತೀರಾ ನಿಧಾನ, ಅಡಿಪದರಕ್ಕೆ ಬೇಡ.

ಚರ್ಮದ ಬಣ್ಣಕ್ಕೆ ಟೈಟಾನಿಯಂ ವೈಟ್, ಯೆಲ್ಲೋ ಓಕರ್, ತಿಳಿ ಕ್ಯಾಡ್ಮಿಯಂ ರೆಡ್, ಐವರಿ ಬ್ಲ್ಯಾಕ್ ನಾಲ್ಕೇ ಸಾಕು. ಬಿಸಿ ಬಣ್ಣಗಳ ಪಕ್ಕ ಕಪ್ಪು-ಬಿಳಿಯ ಬೂದು ನೀಲಿಯಂತೆ ಕಾಣುತ್ತದೆ, ಬೇರೆ ನೀಲಿ ಬೇಕಾಗುವುದಿಲ್ಲ. ಬೆಳಕು, ನಡುಛಾಯೆ, ನೆರಳು ಮೂರಕ್ಕೂ ಬೇರೆ ಬೇರೆ ಗುಡ್ಡೆ ಕಲಸಿಡಿ. ಪ್ರಿಂಟ್ ಮೇಲೆ ಪಾರದರ್ಶಕ ಹಾಳೆ ಹಾಸಿ ಅದರ ಮೇಲೆ ಕಲಸಿದ ಬಣ್ಣದ ಒಂದು ಚುಕ್ಕೆ ಇಟ್ಟು ನೋಡಿ. ಚುಕ್ಕೆ ಕಣ್ಣಿಗೆ ಬೀಳದಿದ್ದರೆ ಬಣ್ಣ ಸರಿ. ಕೆನ್ನೆ ನೆರಳಿಗೆ ತಿರುಗುವ ಅಂಚಿನಲ್ಲೇ ಹೆಚ್ಚಿನವರು ಎಡವುತ್ತಾರೆ. ಅಲ್ಲಿ ಬಿಳಿ ಸೇರಿಸಿದರೆ ಸುಣ್ಣ ಬಳಿದ ಹಾಗಾಗುತ್ತದೆ, ಕಪ್ಪು ಸೇರಿಸಿದರೆ ಕೊಳೆಯಂತೆ ಕಾಣುತ್ತದೆ. ಬೇಕಾದದ್ದು ತುಸು ಓಕರ್ ಮತ್ತು ಕೆಂಪು. ಛಾಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ಸೇರುವ ಅಂಚನ್ನಷ್ಟೇ ಒಣ ಬ್ರಷ್ಷಿನಿಂದ ಮೃದು ಮಾಡಿ. ಇಡೀ ಮುಖ ಸವರಿದರೆ ಎಲುಬೇ ಕಾಣೆಯಾಗುತ್ತದೆ. ಕಣ್ಣಿನ ಹೊಳಪು ಕಟ್ಟಕಡೆಗೆ.

ಇನ್ನು ಮಳೆ. ಎಣ್ಣೆಬಣ್ಣ ನೀರಾರಿದಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಥಂಡಿ, ತೇವ ಎರಡೂ ಅದನ್ನು ನಿಧಾನಿಸುತ್ತವೆ. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಒಣಗುವ ಪದರ ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಮಳೆಯ ತಿಂಗಳು) ವಾರ ದಾಟಬಹುದು. ಒಲೆಯ ಮೇಲೆ ತೂಗುಹಾಕಬೇಡಿ, ಹೊಗೆಯ ಮಸಿ ಹಸಿ ಬಣ್ಣಕ್ಕೆ ಅಂಟುತ್ತದೆ. ಕಪಾಟಿನ ಕತ್ತಲಲ್ಲಿ ಅಗಸೆ ಎಣ್ಣೆ ಹಳದಿಯಾಗುತ್ತದೆ. ಗಾಳಿ ಬೆಳಕಿರುವ ಕೋಣೆ ಒಳ್ಳೆಯದು. ಮೇಲಿನ ಪದರಕ್ಕೆ ಕೆಳಗಿನದಕ್ಕಿಂತ ಎಣ್ಣೆ ತುಸು ಹೆಚ್ಚಿರಲಿ. ಅದು ತಿರುಗುಮುರುಗಾದರೆ ಬಿರುಕು ಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ನೀರಲ್ಲಿ ನೆನೆಸಿ ಮುಚ್ಚಳದ ಡಬ್ಬಿಗೆ ಹಾಕಿ.

ಮೈಸೂರಿಗೆ ಹೋದಾಗ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲಚಿತ್ರಗಳನ್ನು ಪಕ್ಕದಿಂದ ಓರೆಯಾಗಿ ನೋಡಿ. ಬಣ್ಣ ಎಲ್ಲಿ ತೆಳು, ಎಲ್ಲಿ ದಪ್ಪ ಎಂಬುದು ಯಾವ ಪ್ರಿಂಟಿನಲ್ಲೂ ಕಾಣದು.

ವಾರ್ನಿಷ್‌ಗೆ ಆರು ತಿಂಗಳಾದರೂ ಕಾಯಿರಿ, ಅದೂ ಫೆಬ್ರವರಿ-ಮಾರ್ಚಿನ ಒಣ ದಿನದಲ್ಲಿ. ತೇವದಲ್ಲಿ ಹಚ್ಚಿದರೆ ಮಂಜು ಕವಿದಂತೆ ಮಬ್ಬಾಗುತ್ತದೆ. ಹಿಂಬದಿಯಲ್ಲಿ ‘ವಿಂಟರ್‌ಹಾಲ್ಟರ್ ಕೃತಿಯ ನಕಲು’ ಎಂದು ನಿಮ್ಮ ಹೆಸರು, ಇಸವಿಯೊಂದಿಗೆ ಬರೆದಿಡಿ.